ಮರ ಹತ್ತುವವನ ಗರಗಸ

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ 1898ರ ಪ್ಲೇಗಿನ ಹೊತ್ತಿಗೆ ಎದ್ದ ಬಡಾವಣೆಗಳು. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಕೃಂಬಿಗಲ್, ಒಂದು ಜಾತಿಯ ಹೂ ಉದುರುವ ಹೊತ್ತಿಗೆ ಇನ್ನೊಂದು ಅರಳುವ ಹಾಗೆ ಇಂಥ ಬಡಾವಣೆಗಳಿದ್ದ ಊರಿನ ಬೀದಿಗಳಿಗೆ ಮರ ಆರಿಸಿದರು. ಅವರ ಹೆಸರಿನ ರಸ್ತೆ ಲಾಲ್‌ಬಾಗಿನ ಪಕ್ಕದಲ್ಲೇ ಇದೆ. ಆ ಮರ ಹತ್ತಿ ಕೊಂಬೆ ಸವರಿದವರ ಹೆಸರಿನ ಒಂದು ಗಲ್ಲಿಯೂ ಇಲ್ಲ.

ಚಾಮರಾಜಪೇಟೆಯ ನಮ್ಮಪ್ಪ ಆ ಕೆಲಸದವರು. ಸೊಂಟಕ್ಕೆ ಮಚ್ಚು, ಹೆಗಲಿಗೆ ಹಗ್ಗ, ಜೊತೆಗೊಂದು ಬಡಗಿಯ ಗರಗಸ. ಅದು ತಳ್ಳಿದಾಗ ಕೊಯ್ಯುತ್ತದೆ. ಕವಲಿನಲ್ಲಿ ಕೂತು ತಳ್ಳಿದರೆ ಮೈ ಹಿಂದಕ್ಕೆ ಹೋಗುತ್ತದೆ. ಹಸಿ ಮರದಲ್ಲಿ ಅಲಗು ಸಿಕ್ಕಿಕೊಳ್ಳುವುದು ಬೇರೆ. ಅದಕ್ಕೇ ಅಪ್ಪ ಮೂರು ಮೂಲೆಯ ಅರದಲ್ಲಿ ಹಲ್ಲು ಮಸೆದು, ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ಬಾಗಿಸಿ ಸೀಳನ್ನು ಅಗಲ ಮಾಡಿಕೊಳ್ಳುತ್ತಿದ್ದರು.

ಅದೇ ಕೆಲಸ ಮಾಡುವ ನನ್ನದು ಎಳೆದಾಗ ಕೊಯ್ಯುವ, ಬಾಗಿದ ಜಪಾನಿ ಗರಗಸ. ಮೈಭಾರವೇ ಅರ್ಧ ಕೆಲಸ ಮಾಡುತ್ತದೆ. ಹಲ್ಲನ್ನು ಕಾಯಿಸಿ ಗಟ್ಟಿ ಮಾಡಿರುವುದರಿಂದ ಅರ ಹಿಡಿಯುವುದಿಲ್ಲ. ಮೊಂಡಾದರೆ ಅಲಗನ್ನೇ ಬದಲಿಸಬೇಕು. ಅಪ್ಪ ಇದನ್ನು ದುಂದು ಎನ್ನುತ್ತಿದ್ದರು. ಪೂರ್ತಿ ಸುಳ್ಳಲ್ಲ. ಮರ ಹತ್ತುವವನಿಗೆ ಒರೆ ಇಲ್ಲದ ಗರಗಸ ಮಾತ್ರ ಎಷ್ಟೇ ಅಗ್ಗವಾದರೂ ಬೇಡ.

ದಪ್ಪ ಕೊಂಬೆಗೆ ಮೊದಲು ಕೆಳಗಿನಿಂದ ಕಚ್ಚು ಹಾಕಬೇಕು, ಆಮೇಲೆ ಮೇಲಿನಿಂದ ಕೊಯ್ಯಬೇಕು. ಇಲ್ಲದಿದ್ದರೆ ಬೀಳುವ ಕೊಂಬೆ ತೊಗಟೆಯನ್ನೂ ಸುಲಿದುಕೊಂಡು ಹೋಗುತ್ತದೆ. ಮಚ್ಚಿನ ಏಟಿಗೆ ಸಿಗಿದ ಗಾಯವಂತೂ ಬೇಗ ಮಾಯುವುದಿಲ್ಲ.

ಮನೆ ಮುಂದಿನ ಮರ ಸವರಿಸುವುದಿದ್ದರೆ ಪಾಲಿಕೆಯ ಅರಣ್ಯ ವಿಭಾಗಕ್ಕೆ ಅರ್ಜಿ ಕೊಡಿ. ಬಂದವರ ಕೈಯಲ್ಲಿ ಮಚ್ಚೊಂದೇ ಇದ್ದರೆ ಮರ ಹತ್ತಲು ಬಿಡಬೇಡಿ.