ಹೃದಯಾಘಾತ: ರೋಗದ ಅರಿವು ಮತ್ತು ಚಿಕಿತ್ಸೆಯ ಇತಿಹಾಸ

ಹೃದಯಾಘಾತ ಅಥವಾ ಹಾರ್ಟ್ ಅಟ್ಯಾಕ್ ಎಂದರೆ ಹೃದಯದ ಸ್ನಾಯುವಿಗೆ ರಕ್ತ ಒದಗಿಸುವ ಕರೋನರಿ ರಕ್ತನಾಳ ಮುಚ್ಚಿಹೋಗಿ, ಆ ಭಾಗದ ಸ್ನಾಯು ಸಾಯತೊಡಗುವ ಸ್ಥಿತಿ. ನಾಳದ ಒಳಗೋಡೆಯಲ್ಲಿ ವರ್ಷಗಟ್ಟಲೆ ಸೇರಿಕೊಂಡ ಕೊಬ್ಬಿನ ಪದರ ಒಂದು ದಿನ ಬಿರಿಯುತ್ತದೆ. ಬಿರುಕಿನ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ. ಹೆಪ್ಪು ನಾಳವನ್ನು ಮುಚ್ಚುತ್ತದೆ. ಹೃದಯಸ್ತಂಭನ ಇದಕ್ಕಿಂತ ಬೇರೆ. ಅದು ಹೃದಯದ ಬಡಿತವೇ ನಿಂತುಹೋಗುವ ಸ್ಥಿತಿ. ಆಘಾತ ಸ್ತಂಭನಕ್ಕೆ ದಾರಿಯಾಗಬಹುದು, ಆದರೆ ಎರಡೂ ಒಂದೇ ಅಲ್ಲ.

ಈ ಸರಳ ವಿವರಣೆಗೆ ವೈದ್ಯಶಾಸ್ತ್ರ ಬಂದು ಮುಟ್ಟಲು ಇನ್ನೂರು ವರ್ಷ ಬೇಕಾಯಿತು. ಹೃದಯಾಘಾತಕ್ಕೆ ಮಾಡಬಹುದಾದದ್ದು ಹೆಚ್ಚೇನೂ ಇಲ್ಲ ಎಂದು ನಂಬಿದ್ದ ವೈದ್ಯರು, ಪ್ರತಿ ನಿಮಿಷವನ್ನೂ ಲೆಕ್ಕ ಹಾಕುವಂತಾದದ್ದು 1980ರ ನಂತರವೇ.

ಎದೆನೋವಿಗೆ ಹೆಸರು

1768ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್ ವಿಚಿತ್ರ ಎದೆನೋವೊಂದನ್ನು ವೈದ್ಯರ ಸಭೆಯಲ್ಲಿ ವಿವರಿಸಿದರು. ನಡೆಯುವಾಗ, ಅದರಲ್ಲೂ ಊಟವಾದ ಮೇಲೆ ದಿಬ್ಬ ಹತ್ತುವಾಗ, ಎದೆ ಹಿಂಡಿದಂತಾಗುತ್ತದೆ. ನಿಂತ ಕೂಡಲೇ ನೋವು ಮಾಯ. ಅದಕ್ಕೆ ಅವರು ಆಂಜೈನಾ ಎಂದು ಹೆಸರಿಟ್ಟರು. ಆದರೆ ನೋವಿನ ಮೂಲ ಹೃದಯದ ರಕ್ತನಾಳಗಳಲ್ಲಿದೆ ಎಂಬುದು ಅವರಿಗೆ ಹೊಳೆಯಲಿಲ್ಲ.

ಪ್ರಸಿದ್ಧ ಶಸ್ತ್ರವೈದ್ಯ ಜಾನ್ ಹಂಟರ್ ಸ್ವತಃ ಈ ರೋಗಿ. ತಮ್ಮನ್ನು ಕೆಣಕುವ ಯಾವ ಪುಂಡನ ಕೈಯಲ್ಲಾದರೂ ತಮ್ಮ ಪ್ರಾಣವಿದೆ ಎಂದು ಅವರು ಆಡಿಕೊಳ್ಳುತ್ತಿದ್ದರಂತೆ. 1793ರಲ್ಲಿ ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯ ಸಭೆಯಲ್ಲಿ ವಾಗ್ವಾದ ನಡೆದು, ಸಿಟ್ಟಿನಲ್ಲಿ ಹೊರಬಂದವರೇ ಕುಸಿದು ಸತ್ತರು. ಶವಪರೀಕ್ಷೆಯಲ್ಲಿ ಕರೋನರಿ ನಾಳಗಳು ಗಡುಸಾಗಿದ್ದವು. ಅವರ ಶಿಷ್ಯ, ಸಿಡುಬಿನ ಲಸಿಕೆಯಿಂದ ಹೆಸರಾದ ಎಡ್ವರ್ಡ್ ಜೆನ್ನರ್ ಈ ನಂಟನ್ನು ಮೊದಲೇ ಶಂಕಿಸಿದ್ದರು.

ನಾಳ ಹಠಾತ್ತನೆ ಮುಚ್ಚಿದರೆ ಸಾವು ಖಚಿತ ಎಂಬ ನಂಬಿಕೆ ಮತ್ತೂ ನೂರು ವರ್ಷ ಉಳಿಯಿತು. ಅದನ್ನು ಅಲುಗಿಸಿದವರು 1910ರಲ್ಲಿ ಕೀವ್ ನಗರದ ಒಬ್ರಜ್ತ್ಸೋವ್ ಮತ್ತು ಸ್ತ್ರಜೆಸ್ಕೊ, 1912ರಲ್ಲಿ ಷಿಕಾಗೋದ ಜೇಮ್ಸ್ ಹೆರಿಕ್. ಹೀಗಾದವರೂ ಬದುಕಿ ಉಳಿಯಬಹುದು, ಬದುಕಿರುವಾಗಲೇ ರೋಗವನ್ನು ಗುರುತಿಸಬಹುದು ಎಂಬುದು ಹೆರಿಕ್ ಅವರ ವಾದ. ಆ ಲೇಖನವನ್ನು ಆಗ ಯಾರೂ ಅಷ್ಟಾಗಿ ಗಮನಿಸಲಿಲ್ಲ. ಕೈಯಲ್ಲಿ ಹಿಡಿದು ತೋರಿಸುವಂಥ ಪುರಾವೆ ಬೇಕಿತ್ತು.

ಇಸಿಜಿ ಮತ್ತು ರಕ್ತಪರೀಕ್ಷೆ

ಪುರಾವೆ ಒದಗಿಸಿದ್ದು ನೆದರ್ಲೆಂಡ್ಸ್‌ನ ಲೈಡನ್ನಿನಲ್ಲಿ ವಿಲೆಮ್ ಐಂಥೋವನ್ ಕಟ್ಟಿದ ಯಂತ್ರ. ಬಲವಾದ ಅಯಸ್ಕಾಂತದ ನಡುವೆ ಬೆಳ್ಳಿ ಲೇಪಿಸಿದ, ಕಣ್ಣಿಗೆ ಕಾಣಿಸದಷ್ಟು ತೆಳ್ಳನೆಯ ಕ್ವಾರ್ಟ್ಜ್ ಎಳೆ. ಹೃದಯದಿಂದ ಬರುವ ಅತಿ ಸಣ್ಣ ವಿದ್ಯುತ್ತಿಗೆ ಅದು ಅಲುಗುತ್ತದೆ. ಅದರ ನೆರಳು ಫೋಟೋ ಫಲಕದ ಮೇಲೆ ಗೆರೆಯಾಗಿ ಮೂಡುತ್ತದೆ. ಈ ಗೆರೆಯೇ ಇಸಿಜಿ. ಯಂತ್ರದ ತೂಕ ಸುಮಾರು 270 ಕಿಲೋ, ನಡೆಸಲು ಐದು ಜನ ಬೇಕು. ರೋಗಿ ಎರಡು ಕೈ ಮತ್ತು ಒಂದು ಕಾಲನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿಕೊಂಡು ಕೂರಬೇಕು. ಇಷ್ಟು ಭಾರದ ಯಂತ್ರವನ್ನು ಆಸ್ಪತ್ರೆಗೆ ಒಯ್ಯುವಂತಿರಲಿಲ್ಲ. ಆದ್ದರಿಂದ 1905ರಲ್ಲಿ ಅವರು ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯಿಂದ ಟೆಲಿಫೋನ್ ತಂತಿಯ ಮೂಲಕ ರೋಗಿಯ ಹೃದಯದ ಸಂಕೇತವನ್ನೇ ತಮ್ಮ ಪ್ರಯೋಗಾಲಯಕ್ಕೆ ತರಿಸಿಕೊಂಡರು. 1924ರಲ್ಲಿ ಅವರಿಗೆ ನೊಬೆಲ್ ಬಂತು.

1920ರಲ್ಲಿ ನ್ಯೂಯಾರ್ಕಿನ ಹೆರಾಲ್ಡ್ ಪಾರ್ಡಿ, ಹೃದಯಾಘಾತವಾದಾಗ ಇಸಿಜಿಯ ಒಂದು ಭಾಗ ಮೇಲಕ್ಕೇಳುವುದನ್ನು ದಾಖಲಿಸಿದರು. ಎಸ್‌ಟಿ ಏರಿಕೆ ಎಂದು ಕರೆಯುವ ಈ ಗುರುತನ್ನೇ ಇಂದಿಗೂ ತುರ್ತು ವಿಭಾಗದ ವೈದ್ಯರು ಮೊದಲು ಹುಡುಕುವುದು. ಇಸಿಜಿಯಲ್ಲಿ ಕಾಣದ ಆಘಾತಗಳೂ ಇವೆ. ಅವುಗಳಿಗೆ ರಕ್ತಪರೀಕ್ಷೆ ಬೇಕು. ಹೃದಯದ ಸ್ನಾಯು ಸತ್ತಾಗ ರಕ್ತಕ್ಕೆ ಸೋರುವ ಟ್ರೋಪೋನಿನ್ ಎಂಬ ಪ್ರೋಟೀನನ್ನು ಅಳೆಯುವ ಪರೀಕ್ಷೆ 1980ರ ದಶಕದ ಕೊನೆಯಲ್ಲಿ ಜರ್ಮನಿಯ ಹ್ಯೂಗೋ ಕಾಟುಸ್ ಅವರ ಕೆಲಸದಿಂದ ಬಂತು.

ಅಧ್ಯಕ್ಷರಿಗೆ ಆದ ಅಜೀರ್ಣ

ಯಂತ್ರವಿದ್ದರೂ ಅದರ ಹತ್ತಿರ ರೋಗಿ ಹೋಗಬೇಕಲ್ಲ. 1955ರ ಸೆಪ್ಟೆಂಬರ್ 23ರಂದು ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಡೆನ್ವರ್‌ನಲ್ಲಿ ಗಾಲ್ಫ್ ಆಡುತ್ತಿದ್ದರು. ಮಧ್ಯಾಹ್ನ ಹಸಿ ಈರುಳ್ಳಿ ಹಾಕಿದ ಹ್ಯಾಂಬರ್ಗರ್ ತಿಂದಿದ್ದರು. ಹೊಟ್ಟೆಯಲ್ಲಿ ಏನೋ ಸಂಕಟ. ಈರುಳ್ಳಿಯದೇ ಉಪದ್ರವ ಎಂದುಕೊಂಡರು. ನಡುರಾತ್ರಿ ಕಳೆದ ಮೇಲೆ ಎದೆನೋವು ಜೋರಾಯಿತು. ಪತ್ನಿ ಮೇಮಿ ಹೊಟ್ಟೆಗೆ ಹಿತವಾಗಲೆಂದು ಔಷಧ ಕೊಟ್ಟು ವೈದ್ಯರನ್ನು ಕರೆಸಿದರು. ಮೊದಲು ಹೊರಬಿದ್ದ ಸುದ್ದಿಯೂ ಅಜೀರ್ಣವೆಂದೇ. ಇಸಿಜಿ ತೆಗೆದದ್ದು ಮರುದಿನ ಮಧ್ಯಾಹ್ನ, ಹೃದಯಾಘಾತ ಗೊತ್ತಾದದ್ದು ಆಗ. ದಿನಕ್ಕೆ ನಾಲ್ಕು ಪ್ಯಾಕ್ ಸಿಗರೇಟು ಸೇದುತ್ತಿದ್ದ ಅವರು ಆರು ವರ್ಷ ಹಿಂದೆ ಅದನ್ನು ಬಿಟ್ಟಿದ್ದರು.

ಎದೆಯುರಿ ಬಂದಾಗ ಗ್ಯಾಸ್ಟ್ರಿಕ್ ಎಂದುಕೊಂಡು ಸೋಡಾ ಕುಡಿದು, ಓಮ ಅಗಿದು ಬೆಳಗಿನವರೆಗೆ ಕಾಯುವವರು ನಮ್ಮಲ್ಲೂ ಕಡಿಮೆಯಿಲ್ಲ. ಮಧುಮೇಹಿಗಳಲ್ಲಿ ನೋವೇ ಕಾಣಿಸದಿರಬಹುದು. ಹೆಂಗಸರಲ್ಲಿ ವಿಪರೀತ ಸುಸ್ತು, ಏದುಸಿರು, ಓಕರಿಕೆ, ಬೆನ್ನು ಅಥವಾ ದವಡೆಯ ನೋವಾಗಿ ಕಾಣಿಸಿಕೊಳ್ಳುವುದೂ ಉಂಟು.

ಆ ಕಾಲದ ಚಿಕಿತ್ಸೆ ಮುಖ್ಯವಾಗಿ ಮಾರ್ಫಿನ್ ಮತ್ತು ವಾರಗಟ್ಟಲೆ ಹಾಸಿಗೆ. ಮಲಗಿಯೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿ ಎಂದು ಬಾಸ್ಟನ್ನಿನ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ 1952ರಲ್ಲಿ ಹೇಳಿದ್ದು ದೊಡ್ಡ ಕ್ರಾಂತಿ ಎನಿಸಿತು. 1960ರ ದಶಕದಲ್ಲಿ ಎದೆಯೊತ್ತುವ ಸಿಪಿಆರ್, ವಿದ್ಯುತ್ ಆಘಾತ ಕೊಟ್ಟು ಬಡಿತ ಸರಿಪಡಿಸುವ ಡಿಫಿಬ್ರಿಲೇಟರ್ ಮತ್ತು ಸತತ ಇಸಿಜಿ ನಿಗಾ ಒಂದೇ ಕಡೆ ಸೇರಿ ಕರೋನರಿ ಕೇರ್ ಯೂನಿಟ್ ಹುಟ್ಟಿತು. ಆಸ್ಪತ್ರೆಯಲ್ಲಿ ಸಾಯುವವರ ಪ್ರಮಾಣ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಬೆಲ್‌ಫಾಸ್ಟ್‌ನ ಫ್ರಾಂಕ್ ಪ್ಯಾಂಟ್ರಿಜ್ 1966ರಲ್ಲಿ ಡಿಫಿಬ್ರಿಲೇಟರನ್ನು ಆಂಬ್ಯುಲೆನ್ಸಿಗೇ ಹತ್ತಿಸಿದರು.

ಹೆಪ್ಪು ಕರಗಿಸುವುದು, ನಾಳ ತೆರೆಯುವುದು

ಹೆಪ್ಪು ಆಘಾತಕ್ಕೆ ಕಾರಣವೋ, ಆಘಾತವಾದ ಮೇಲೆ ಕಟ್ಟಿಕೊಳ್ಳುವುದೋ ಎಂಬ ಜಗಳ 1970ರ ದಶಕದಲ್ಲೂ ಮುಗಿದಿರಲಿಲ್ಲ. 1980ರಲ್ಲಿ ಅಮೆರಿಕದ ಮಾರ್ಕಸ್ ಡಿವುಡ್ ತಂಡ ಆಘಾತ ಶುರುವಾಗಿ ನಾಲ್ಕು ಗಂಟೆಯೊಳಗೆ ಬಂದ 126 ರೋಗಿಗಳ ಆಂಜಿಯೋಗ್ರಾಂ, ಅಂದರೆ ಕರೋನರಿ ನಾಳಗಳ ಎಕ್ಸ್‌ರೇ ಚಿತ್ರಣ, ಮಾಡಿತು. ಅವರಲ್ಲಿ 110 ಮಂದಿಯ ನಾಳ ಪೂರ್ತಿ ಮುಚ್ಚಿತ್ತು. ಹೊತ್ತು ಕಳೆದು ಬಂದವರಲ್ಲಿ ಆ ಪ್ರಮಾಣ ಕಡಿಮೆಯಿತ್ತು; ಹೆಪ್ಪು ಆಘಾತದ ನಂತರ ಕಟ್ಟುವಂಥದ್ದಾಗಿದ್ದರೆ ಅದು ಹೆಚ್ಚಬೇಕಿತ್ತು. ಹೆಪ್ಪೇ ಕಾರಣವೆಂದ ಮೇಲೆ ಅದನ್ನು ಕರಗಿಸುವುದೇ ಚಿಕಿತ್ಸೆ.

ಔಷಧ ಮೊದಲೇ ಇತ್ತು. ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ ಸ್ರವಿಸುವ, ಹೆಪ್ಪು ಕರಗಿಸುವ ವಸ್ತುವನ್ನು ವಿಲಿಯಂ ಟಿಲೆಟ್ 1933ರಲ್ಲೇ ಗುರುತಿಸಿದ್ದರು. ಸ್ಟ್ರೆಪ್ಟೊಕೈನೇಸ್ ಎಂಬ ಆ ಔಷಧವನ್ನು ಇಟಲಿಯಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ಪರೀಕ್ಷಿಸಿ 1986ರಲ್ಲಿ ಫಲಿತಾಂಶ ಪ್ರಕಟಿಸಿದರು. ನೋವು ಶುರುವಾದ ಒಂದು ಗಂಟೆಯೊಳಗೆ ಔಷಧ ಸಿಕ್ಕವರಲ್ಲಿ ಸಾವು ಹತ್ತಿರಹತ್ತಿರ ಅರ್ಧದಷ್ಟು ತಗ್ಗಿತ್ತು; ಗಂಟೆಗಳು ಉರುಳಿದಂತೆ ಲಾಭ ಕರಗುತ್ತ ಹೋಗಿತ್ತು. ಗೋಲ್ಡನ್ ಅವರ್ ಎಂದು ವೈದ್ಯರು ಒತ್ತಿ ಹೇಳುವುದಕ್ಕೆ ಆಧಾರ ಇಂಥ ಲೆಕ್ಕಗಳೇ.

1988ರಲ್ಲಿ ಐಸಿಸ್-2 ಎಂಬ ಪ್ರಯೋಗ 17,187 ರೋಗಿಗಳಲ್ಲಿ ಸ್ಟ್ರೆಪ್ಟೊಕೈನೇಸ್ ಜತೆ ಅಗ್ಗದ ಆಸ್ಪಿರಿನ್ನನ್ನೂ ಪರೀಕ್ಷಿಸಿತು. ಆಸ್ಪಿರಿನ್ ಒಂದರಿಂದಲೇ ಸಾವು ಶೇ 23ರಷ್ಟು, ಎರಡೂ ಸೇರಿದರೆ ಶೇ 42ರಷ್ಟು ಇಳಿಯಿತು. ಫಲಿತಾಂಶವನ್ನು ರೋಗಿಗಳ ಗುಂಪುವಾರು ಒಡೆದು ತೋರಿಸಿ ಎಂದು ಲ್ಯಾನ್ಸೆಟ್ ಪತ್ರಿಕೆ ಕೇಳಿದಾಗ ಸಂಶೋಧಕರು ರಾಶಿವಾರು ಪಟ್ಟಿಯನ್ನೂ ಸೇರಿಸಿದರು. ಮಿಥುನ ಮತ್ತು ತುಲಾ ರಾಶಿಯವರಿಗೆ ಮಾತ್ರ ಆಸ್ಪಿರಿನ್ ಫಲಿಸಿರಲಿಲ್ಲ! ಅಂಕಿಗಳನ್ನು ಸಣ್ಣಸಣ್ಣದಾಗಿ ಸೀಳಿದರೆ ಎಂಥ ಅಸಂಬದ್ಧವೂ ಸಾಬೀತಾದಂತೆ ಕಾಣುತ್ತದೆ ಎಂದು ತೋರಿಸುವುದೇ ಅವರ ಉದ್ದೇಶವಾಗಿತ್ತು.

ಇನ್ನೊಂದು ದಾರಿ ನಾಳದೊಳಗೇ ಹೋಗುವುದು. 1929ರಲ್ಲಿ ಜರ್ಮನಿಯ ಯುವ ವೈದ್ಯ ವರ್ನರ್ ಫೋರ್ಸ್‌ಮನ್ ತಮ್ಮ ತೋಳಿನ ರಕ್ತನಾಳದಿಂದ ಹೃದಯದವರೆಗೆ ತಾವೇ ನಳಿಗೆ ತೂರಿಸಿಕೊಂಡು, ನಡೆದುಹೋಗಿ ಎಕ್ಸ್‌ರೇ ತೆಗೆಸಿಕೊಂಡರು. 1967ರಲ್ಲಿ ರೆನೆ ಫವಲೊರೊ ಕಾಲಿನ ರಕ್ತನಾಳ ಬಳಸಿ ಬೈಪಾಸ್ ಶಸ್ತ್ರಚಿಕಿತ್ಸೆಯನ್ನು ರೂಢಿಗೆ ತಂದರು. ಆಂಡ್ರಿಯಾಸ್ ಗ್ರುಂಟ್‌ಜಿಗ್ ಜ್ಯೂರಿಕ್‌ನ ತಮ್ಮ ಮನೆಯ ಅಡುಗೆಮನೆಯಲ್ಲಿ ಕೂತು ಪುಟ್ಟ ಬಲೂನುಗಳನ್ನು ಕೈಯಾರೆ ಮಾಡಿದವರು. 1977ರ ಸೆಪ್ಟೆಂಬರ್ 16ರಂದು 38 ವರ್ಷದ ರೋಗಿಯೊಬ್ಬರ ಕಿರಿದಾದ ನಾಳದಲ್ಲಿ ಅಂಥ ಬಲೂನನ್ನು ಉಬ್ಬಿಸಿ ದಾರಿ ಬಿಡಿಸಿದರು. ಹತ್ತು ವರ್ಷದ ನಂತರ ನೋಡಿದಾಗಲೂ ಆ ಜಾಗ ತೆರೆದೇ ಇತ್ತು. ಬಲೂನು ತೆಗೆದ ಮೇಲೆ ನಾಳ ಮತ್ತೆ ಕುಗ್ಗದಂತೆ ತಡೆಯುವ ಸ್ಟೆಂಟ್ ಬಂದದ್ದು 1986ರಲ್ಲಿ.

ಅಪಾಯದ ಅಂಶಗಳು ಮತ್ತು ತಡೆ

ಯಾರಿಗೆ ಆಘಾತವಾದೀತು ಎಂದು ಮೊದಲೇ ಹೇಳಲು ಸಾಧ್ಯವೇ? 1948ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಂ ಪಟ್ಟಣದ 5,209 ಮಂದಿಯನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ಶುರುವಾದದ್ದು ಈ ಪ್ರಶ್ನೆಯಿಂದ. ವಯಸ್ಸಾದಂತೆ ಬಿಪಿ ಏರುವುದು ಸಹಜ ಎಂದು ಸುಮ್ಮನಿರುತ್ತಿದ್ದ ವೈದ್ಯರ ಧೋರಣೆ ಬದಲಾದದ್ದು, ಕೊಲೆಸ್ಟರಾಲ್ ಮತ್ತು ಧೂಮಪಾನದ ಪಾತ್ರ ಗಟ್ಟಿಯಾದದ್ದು ಇದರಿಂದ. ಜಪಾನಿನ ಅಕಿರಾ ಎಂಡೊ 1970ರ ದಶಕದಲ್ಲಿ ಶಿಲೀಂಧ್ರಗಳನ್ನು ಜಾಲಾಡಿ, ಕೊಲೆಸ್ಟರಾಲ್ ಇಳಿಸುವ ಔಷಧವಾದ ಮೊದಲ ಸ್ಟ್ಯಾಟಿನ್ ಕಂಡುಹಿಡಿದರು. ಸ್ಟ್ಯಾಟಿನ್ ಜೀವ ಉಳಿಸುತ್ತದೆ ಎಂಬುದು 1994ರಲ್ಲಿ 4,444 ರೋಗಿಗಳ ಪ್ರಯೋಗದಿಂದ ಸ್ಪಷ್ಟವಾಯಿತು.

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದ, ಕೇರಳ ಮೂಲದ ಸಲೀಂ ಯೂಸುಫ್ 52 ದೇಶಗಳಲ್ಲಿ ನಡೆಸಿದ ಇಂಟರ್‌ಹಾರ್ಟ್ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಧೂಮಪಾನ, ಕೊಬ್ಬಿನ ಅಂಶಗಳ ಏರುಪೇರು, ಬಿಪಿ, ಶುಗರ್, ಹೊಟ್ಟೆಯ ಬೊಜ್ಜು, ಮಾನಸಿಕ ಒತ್ತಡ, ಹಣ್ಣು ತರಕಾರಿಯ ಕೊರತೆ, ವ್ಯಾಯಾಮದ ಕೊರತೆ ಮತ್ತು ಮದ್ಯಪಾನದ ರೂಢಿ, ಈ ಒಂಬತ್ತು ಅಂಶಗಳೇ ಶೇ 90ರಷ್ಟು ಅಪಾಯವನ್ನು ವಿವರಿಸುತ್ತವೆ ಎಂದು ಅದು ತೋರಿಸಿತು. ದಕ್ಷಿಣ ಏಷ್ಯಾದವರಿಗೆ ಮೊದಲ ಆಘಾತ ಸರಾಸರಿ 53ನೇ ವಯಸ್ಸಿಗೆ, ಬೇರೆಯವರಿಗಿಂತ ಆರು ವರ್ಷ ಮೊದಲೇ ಬರುತ್ತದೆ ಎಂಬುದೂ ಇದೇ ಅಧ್ಯಯನದಿಂದ ತಿಳಿಯಿತು.

ಕರ್ನಾಟಕದಲ್ಲಿ

ಸೇಂಟ್ ಜಾನ್ಸ್‌ನ ಡೆನಿಸ್ ಝೇವಿಯರ್ ಮತ್ತು ಸಂಗಡಿಗರು ದೇಶದ 89 ಆಸ್ಪತ್ರೆಗಳ 20,468 ರೋಗಿಗಳ ವಿವರ ಕಲೆಹಾಕಿ 2008ರಲ್ಲಿ ಪ್ರಕಟಿಸಿದರು. ಲಕ್ಷಣ ಕಾಣಿಸಿಕೊಂಡು ಆಸ್ಪತ್ರೆ ಸೇರುವ ಹೊತ್ತಿಗೆ ರೋಗಿಗಳಲ್ಲಿ ಅರ್ಧದಷ್ಟು ಜನ 360 ನಿಮಿಷ, ಅಂದರೆ ಆರು ಗಂಟೆಗಿಂತ ಹೆಚ್ಚು ಕಾಲ ಕಳೆದುಕೊಂಡಿದ್ದರು. ಆಸ್ಪತ್ರೆಯೊಳಗೆ ಹೆಪ್ಪು ಕರಗಿಸುವ ಔಷಧ ಸಿಗಲು ಹಿಡಿದದ್ದು 50 ನಿಮಿಷ. ತಡವಾಗುತ್ತಿದ್ದದ್ದು ಹೆಚ್ಚಾಗಿ ಮನೆಯಲ್ಲಿ ಮತ್ತು ದಾರಿಯಲ್ಲಿ.

ಕರಾವಳಿ ಮತ್ತು ಮಲೆನಾಡಿನಲ್ಲಿ ಈ ಅಂತರ ತಗ್ಗಿಸಲು ಮಂಗಳೂರಿನ ಹೃದ್ರೋಗ ತಜ್ಞ ಪದ್ಮನಾಭ ಕಾಮತ್ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಒದಗಿಸಿದರು. ಅಲ್ಲಿನ ವೈದ್ಯರು ತೆಗೆದ ಇಸಿಜಿ ವಾಟ್ಸ್‌ಆ್ಯಪ್ ಗುಂಪಿಗೆ ಬಂದರೆ ತಜ್ಞರು ನೋಡಿ ಸಲಹೆ ಕೊಡುತ್ತಾರೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯದ ತೊಂದರೆಯಿಂದ 46ನೇ ವಯಸ್ಸಿಗೆ ತೀರಿಕೊಂಡಾಗ ಹೃದಯ ತಪಾಸಣೆಗೆ ಜನ ಆಸ್ಪತ್ರೆಗಳಲ್ಲಿ ಸಾಲುಗಟ್ಟಿದರು. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆ ಸೇರಿದಂತೆ ದೊಡ್ಡ ಕೇಂದ್ರಗಳ ನೆರವಿನಿಂದ ರೋಗ ಖಚಿತಪಡಿಸಿಕೊಂಡು, ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುತ್ತಾರೆ. ಹೆಪ್ಪು ಕರಗಿಸುವ ಈ ಔಷಧವನ್ನು ಒಂದೇ ಸಲಕ್ಕೆ ರಕ್ತನಾಳಕ್ಕೆ ಚುಚ್ಚಿದರೆ ಸಾಕು. ಆ ಬಳಿಕ 3ರಿಂದ 24 ಗಂಟೆಯೊಳಗೆ ರೋಗಿಗೆ ಆಂಜಿಯೋಗ್ರಾಂ ಮಾಡಿ, ಬ್ಲಾಕ್ ಉಳಿದಿದ್ದರೆ ಸ್ಟೆಂಟ್ ಹಾಕುವುದು ಈಗ ಅನುಸರಿಸುವ ಕ್ರಮ.