ಅಕ್ರಮ ಬಂಧನದ ಪರಿಹಾರ: ಕಸ್ತೂರಿ ಲಾಲ್‌ನಿಂದ ಬೆಟ್ಟದಪುರದವರೆಗೆ

ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರ ಠಾಣೆ ವ್ಯಾಪ್ತಿಯಲ್ಲಿ ಸಿಕ್ಕ ಅಸ್ಥಿಪಂಜರವೊಂದು ಕೊಡಗಿನ ಆದಿವಾಸಿಯೊಬ್ಬರನ್ನು ಕೊಲೆ ಆರೋಪಿಯನ್ನಾಗಿ ಮಾಡಿತು. ಮೂಳೆಗಳು ನಾಪತ್ತೆಯಾಗಿದ್ದ ಅವರ ಹೆಂಡತಿಯದೇ ಎಂದು ಪೊಲೀಸರು ದೋಷಾರೋಪ ಪಟ್ಟಿ ಸಲ್ಲಿಸಿದರು. ಡಿಎನ್‌ಎ ವರದಿ ತಾಳೆಯಾಗಲಿಲ್ಲ. ಮೊಕದ್ದಮೆ ಮಾತ್ರ ನಿಲ್ಲಲಿಲ್ಲ. ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಅವರು ಜೈಲಿನಲ್ಲಿದ್ದರು. 2025ರ ಏಪ್ರಿಲ್‌ನಲ್ಲಿ ಆ ಹೆಂಡತಿ ಮಡಿಕೇರಿಯ ಹೋಟೆಲೊಂದರಲ್ಲಿ ಪರಿಚಯದವರ ಕಣ್ಣಿಗೆ ಬಿದ್ದರು. ಅದೇ ತಿಂಗಳು ಮೈಸೂರಿನ ಸೆಷನ್ಸ್ ನ್ಯಾಯಾಲಯ ಗಂಡನನ್ನು ಖುಲಾಸೆ ಮಾಡಿತು. ಗೃಹ ಇಲಾಖೆ 1 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದೂ ತನಿಖೆ ನಡೆಸಿದವರ ಮೇಲೆ ಕ್ರಮವಾಗಬೇಕೆಂದೂ ಹೇಳಿತು. ಖುಲಾಸೆಯಾದ ಗಂಡ 5 ಕೋಟಿ ಕೇಳಿ ಹೈಕೋರ್ಟ್ ಮೆಟ್ಟಿಲೇರಿದರು.

ಒಂದೇ ಅನ್ಯಾಯಕ್ಕೆ ಇಷ್ಟು ದೂರದ ಎರಡು ಅಂಕಿಗಳು ಬರಲು ಕಾರಣವಿದೆ. ಪರಿಹಾರದ ಹಕ್ಕನ್ನು ಶಾಸನಸಭೆ ಕಟ್ಟಿಕೊಟ್ಟಿಲ್ಲ. ನ್ಯಾಯಾಲಯಗಳು ಒಂದೊಂದು ತೀರ್ಪಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಕಟ್ಟಿವೆ.

ಶುರುವಾದದ್ದು ಸೋಲಿನಿಂದ. 1947ರಲ್ಲಿ ಮೀರತ್ ಪೊಲೀಸರು ಕಳವಿನ ಮಾಲೆಂಬ ಶಂಕೆಯಿಂದ ವ್ಯಾಪಾರಿಯೊಬ್ಬರನ್ನು ಹಿಡಿದು, ಚಿನ್ನ ಜಪ್ತಿ ಮಾಡಿ ಠಾಣೆಯ ಉಗ್ರಾಣದಲ್ಲಿಟ್ಟರು. ಹೆಡ್ ಕಾನ್‌ಸ್ಟೆಬಲ್ ಅದನ್ನು ಲಪಟಾಯಿಸಿ ಪಾಕಿಸ್ತಾನಕ್ಕೆ ಓಡಿಹೋದ. ಕಸ್ತೂರಿ ಲಾಲ್ ಪ್ರಕರಣವೆಂದು ಹೆಸರಾದ ಇದರಲ್ಲಿ, ಬಂಧನ ಮತ್ತು ಜಪ್ತಿ ಸಾರ್ವಭೌಮ ಅಧಿಕಾರದ ಕೆಲಸ, ಆದ್ದರಿಂದ ಸರ್ಕಾರ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಜತೆಗೆ, ಇದಕ್ಕೊಂದು ಕಾನೂನು ಮಾಡಿ ಎಂದೂ ಹೇಳಿತು. 1965 ಮತ್ತು 1967ರಲ್ಲಿ ಸಂಸತ್ತಿಗೆ ಬಂದ ಮಸೂದೆಗಳು ಕಾನೂನಾಗಲೇ ಇಲ್ಲ.

ಆ ಬಾಗಿಲು ಮುಚ್ಚಿದ್ದರಿಂದ ನ್ಯಾಯಾಲಯ ಸಂವಿಧಾನದ 21ನೇ ವಿಧಿಯ ದಾರಿ ಹಿಡಿಯಿತು. ಖುಲಾಸೆಯಾದ ಮೇಲೂ 14 ವರ್ಷ ಬಿಹಾರದ ಜೈಲಿನಲ್ಲೇ ಕೊಳೆತ ರುದುಲ್ ಸಾಹ್‌ಗೆ 1983ರಲ್ಲಿ ಪರಿಹಾರ ಸಿಕ್ಕಿತು. 1985ರಲ್ಲಿ ಜಮ್ಮು-ಕಾಶ್ಮೀರದ ಶಾಸಕ ಭೀಮ್ ಸಿಂಗ್ ಅವರಿಗೆ 50 ಸಾವಿರ ರೂಪಾಯಿ. 1993ರ ನೀಲಾಬತಿ ಬೆಹೆರಾ ತೀರ್ಪು, ಮೂಲಭೂತ ಹಕ್ಕಿನ ಉಲ್ಲಂಘನೆ ಎದುರಿಗಿರುವಾಗ ಸಾರ್ವಭೌಮತ್ವದ ನೆಪ ನಡೆಯದು ಎಂದಿತು. 1996ರ ಡಿ.ಕೆ. ಬಸು ತೀರ್ಪು ಠಾಣೆಯ ಕಾಗದಪತ್ರಕ್ಕೇ ಕೈ ಹಾಕಿತು: ಬಂಧನ ಪತ್ರದಲ್ಲಿ ದಿನಾಂಕ, ಹೊತ್ತು, ಮನೆಯವರದೋ ಊರಿನವರದೋ ಸಾಕ್ಷಿ ಸಹಿ ಇರಬೇಕು, ಬಂಧಿತನೂ ಸಹಿ ಹಾಕಬೇಕು. ಪರಿಹಾರ ಕೇಳುವವನಿಗೆ ಇಂದಿಗೂ ಮೊದಲ ಪುರಾವೆ ಈ ಹಾಳೆಯೇ.

ಕಾಡಂಚಿನ ಜನ ಅಕ್ರಮ ಬಂಧನದ ಬೆಲೆಯನ್ನು ಬೇರೆಯವರಿಗಿಂತ ಹೆಚ್ಚು ತೆತ್ತಿದ್ದಾರೆ. ಕಾಡುಗಳ್ಳ ವೀರಪ್ಪನ್ ವಿರುದ್ಧದ ಕಾರ್ಯಾಚರಣೆಯ ಕಾಲದ ದೌರ್ಜನ್ಯಗಳ ವಿಚಾರಣೆಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿಯನ್ನು ನೇಮಿಸಿತು; 2007ರಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಕೊಡಲು ಹೇಳಿತು. ಎಚ್‌.ಡಿ. ಕೋಟೆಯಲ್ಲಿ ಇದೇ ಪ್ರಶ್ನೆ ಅರಣ್ಯ ಇಲಾಖೆಯತ್ತ ತಿರುಗಿತು. 2022ರ ಅಕ್ಟೋಬರ್‌ನಲ್ಲಿ ಅರಣ್ಯ ಸಿಬ್ಬಂದಿಯ ವಶದಲ್ಲಿದ್ದ ಜೇನು ಕುರುಬರೊಬ್ಬರು ಮೃತಪಟ್ಟಾಗ ಹಲ್ಲೆಯ ಆರೋಪ ಕೇಳಿಬಂತು. ಸಿಬ್ಬಂದಿಯ ಮೇಲೆ ಪ್ರಕರಣವೂ ದಾಖಲಾಯಿತು.

ಈಚಿನ ವರ್ಷಗಳಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಬಿಗಿ ನಿಲುವು ತಳೆದಿದೆ. ಹೆಸರಿನ ಗೊಂದಲದಿಂದ ಬೇರೊಬ್ಬನ ವಾರಂಟ್ ಮೇಲೆ ಬಂಧಿತನಾದವನಿಗೆ 2022ರಲ್ಲಿ 5 ಲಕ್ಷ ರೂಪಾಯಿ ಕೊಡಿಸಿ, ಗುರುತು ಖಚಿತಪಡಿಸಿಕೊಂಡೇ ಬಂಧಿಸಬೇಕೆಂದಿತು. ದಕ್ಷಿಣ ಕನ್ನಡದ ಪುಂಜಾಲಕಟ್ಟೆ ಠಾಣೆಯ ಪ್ರಕರಣದಲ್ಲಿ ವಕೀಲರೊಬ್ಬರಿಗೆ 3 ಲಕ್ಷ ಕೊಟ್ಟು, ಆ ಹಣವನ್ನು ತಪ್ಪಿತಸ್ಥ ಪೊಲೀಸರಿಂದಲೇ ವಸೂಲು ಮಾಡಲು ಹೇಳಿತು. ತೆರಿಗೆದಾರನ ಬದಲು ತಪ್ಪು ಮಾಡಿದವನ ಜೇಬಿಗೆ ಬಿಸಿ ಮುಟ್ಟಿಸುವ ಈ ಹೆಜ್ಜೆ ಮೊತ್ತಕ್ಕಿಂತ ಮುಖ್ಯ.

ಬಂಧನದೊಡನೆ ನಡೆಯುವ ಶೋಧದ ನಿಯಮವೂ ಇತ್ತೀಚೆಗೆ ಬಲಗೊಂಡಿದೆ. ವಾರಂಟ್ ಇಲ್ಲದೆ ಮನೆ ಹುಡುಕುವ ತನಿಖಾಧಿಕಾರಿ ಕಾರಣವನ್ನು ಬರೆದಿಡಬೇಕು ಎಂಬುದು ಹಳೆಯದು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಶೋಧ ಮತ್ತು ಜಪ್ತಿಯ ವಿಡಿಯೊ ಚಿತ್ರೀಕರಣವನ್ನು ಕಡ್ಡಾಯ ಮಾಡಿತು. ಠಾಣೆಯಲ್ಲೇ ಕೂತು ಮಹಜರು ಬರೆದು ಪಂಚರ ಸಹಿ ಹಾಕಿಸಿಕೊಳ್ಳುವ ಚಾಳಿಗೆ ಇದು ಅಡ್ಡಿ. ಬಂಧನದ ಕಾರಣವನ್ನು ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ ಲಿಖಿತವಾಗಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2025ರಲ್ಲಿ ಸ್ಪಷ್ಟಪಡಿಸಿದೆ.

ಆದರೆ ಹುಣಸೂರು, ಕೆ.ಆರ್. ನಗರದಂಥ ತಾಲ್ಲೂಕು ಕೇಂದ್ರದಲ್ಲಿ ವಕೀಲರ ಮುಂದೆ ಕೂತವನಿಗೆ ಕಾಣುವುದು ತೊಡಕುಗಳೇ. ಅಕ್ರಮ ಬಂಧನದ ದಾವೆಗೆ ಬಿಡುಗಡೆಯಾದ ದಿನದಿಂದ, ದುರುದ್ದೇಶದ ಮೊಕದ್ದಮೆಯ ದಾವೆಗೆ ಖುಲಾಸೆಯಾದ ದಿನದಿಂದ ಒಂದೇ ವರ್ಷದ ಕಾಲಮಿತಿ. ಸರ್ಕಾರದ ಮೇಲೆ ದಾವೆ ಹೂಡಲು ಎರಡು ತಿಂಗಳು ಮೊದಲೇ ನೋಟಿಸ್ ಕೊಡಬೇಕು. ಕರ್ತವ್ಯದ ಹೆಸರಿನಲ್ಲಿ ಮಾಡಿದ ಕೆಲಸವಾದರೆ ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಂ ಪೊಲೀಸರ ಮೇಲೆ ಮೊಕದ್ದಮೆ ಹೂಡಲು ಸರ್ಕಾರದ ಪೂರ್ವಾನುಮತಿ ಕೇಳುತ್ತದೆ. ಕರ್ತವ್ಯದ ಮಿತಿ ಮೀರಿದ್ದರೂ ಅದರೊಡನೆ ಸಂಬಂಧವಿದ್ದರೆ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ 2020ರ ಡಿ. ದೇವರಾಜ ಪ್ರಕರಣದಲ್ಲಿ ಹೇಳಿತು. ವಿನಾಕಾರಣ ಬಂಧನಕ್ಕೆ ಮ್ಯಾಜಿಸ್ಟ್ರೇಟ್ ನೇರವಾಗಿ ಕೊಡಿಸಬಹುದಾದ ಪರಿಹಾರದ ಮಿತಿ 1,000 ರೂಪಾಯಿ. ಅದನ್ನೂ ಕೊಡಬೇಕಾದವನು ಪೊಲೀಸನಲ್ಲ, ಬಂಧನ ಮಾಡಿಸಿದ ದೂರುದಾರ. ರಿಟ್ ಅರ್ಜಿಯೊಂದೇ ಗಟ್ಟಿ ದಾರಿ ಎನ್ನೋಣವೆಂದರೆ, ಆದಿವಾಸಿ ಹಾಡಿಯಲ್ಲಿರುವವನಿಗೆ ಹೈಕೋರ್ಟ್ ಇರುವ ಬೆಂಗಳೂರು ಬಹಳ ದೂರ.

ತಪ್ಪು ಮೊಕದ್ದಮೆಗಳ ಬಗ್ಗೆ ಕಾನೂನು ಆಯೋಗ 2018ರ ಆಗಸ್ಟ್‌ನಲ್ಲಿ 277ನೇ ವರದಿ ಕೊಟ್ಟು, ವಿಶೇಷ ನ್ಯಾಯಾಲಯ ಮತ್ತು ಶಾಸನಬದ್ಧ ಪರಿಹಾರ ಬೇಕೆಂದಿತ್ತು. ಹೊಸ ಸಂಹಿತೆ ಬರೆದಾಗ ಆ ಸಲಹೆಗೆ ಜಾಗ ಸಿಗಲಿಲ್ಲ. 1,000 ರೂಪಾಯಿಯ ಕಲಮಿಗೆ ಸಿಕ್ಕಿತು. ಜೈಲಿನಲ್ಲಿ ಕಳೆದ ದಿನ, ಕೈತಪ್ಪಿದ ದುಡಿಮೆ, ವಕೀಲರ ಖರ್ಚು ಇವನ್ನೆಲ್ಲ ಲೆಕ್ಕ ಹಾಕುವ ಮಾನದಂಡ ಕಾನೂನಿನಲ್ಲೇ ಬರಬೇಕು. ಪರಿಹಾರದ ಅರ್ಜಿ ಆಲಿಸುವ ಅಧಿಕಾರ ಜಿಲ್ಲಾ ನ್ಯಾಯಾಲಯಕ್ಕೇ ಇರಬೇಕು. ಅಲ್ಲಿಯವರೆಗೆ ಪರಿಹಾರದ ಮೊತ್ತವನ್ನು ನಿರ್ಧರಿಸುವುದು ಅನ್ಯಾಯದ ಗಾತ್ರವಲ್ಲ, ಸಂತ್ರಸ್ತ ಎಷ್ಟು ದೂರದವರೆಗೆ ಹೋರಾಡಬಲ್ಲ ಎಂಬುದು.