ಸುಟ್ಟ ಕಡತ, ಉಳಿದ ವೋಚರ್: ಸಿಐಎಗೆ ಹೋದ ಒಂದು ಮಾಹಿತಿ ಅರ್ಜಿಯ ಕಥೆ

ಸರ್ಕಾರಿ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದವರಿಗೆ ಒಂದು ಉತ್ತರ ಚೆನ್ನಾಗಿ ಪರಿಚಯ ಇರುತ್ತೆ. "ತಾವು ಕೋರಿರುವ ಕಡತವು ಈ ಕಚೇರಿಯಲ್ಲಿ ಲಭ್ಯವಿರುವುದಿಲ್ಲ." ನಮ್ಮ ಅಜ್ಜನ ಜಮೀನಿನ ಒಂದು ಹಳೇ ಕಾಗದ ಕೇಳಿ ನಾನೂ ಕಳೆದ ವರ್ಷ ಅರ್ಜಿ ಹಾಕಿದ್ದೆ. ಒಂದೇ ಸಾಲಿನ ಈ ಉತ್ತರ ಬಂತು. ಕಡತ ಸುಟ್ಟುಹೋಯ್ತಾ, ಗೆದ್ದಲು ತಿಂತಾ, ಯಾರಾದ್ರೂ ತಗೊಂಡು ಹೋದ್ರಾ, ಅಥವಾ ಯಾರೂ ಹುಡುಕಲೇ ಇಲ್ವಾ, ಒಂದೂ ಗೊತ್ತಿಲ್ಲ.

ಇವತ್ತು ಹೇಳೋ ಕಥೆ ಆ "ಲಭ್ಯವಿಲ್ಲ" ಅನ್ನೋ ಪದದ ಬಗ್ಗೆಯೇ. ನಡೆದದ್ದು ಅಮೆರಿಕದಲ್ಲಿ. ಉತ್ತರ ಕೊಟ್ಟಿದ್ದು ತಾಲ್ಲೂಕು ಕಚೇರಿ ಅಲ್ಲ, ಸಿಐಎ.

1953ರ ಏಪ್ರಿಲ್ 13ರಂದು ಸಿಐಎ ನಿರ್ದೇಶಕ ಅಲೆನ್ ಡಲ್ಲೆಸ್ ಒಂದು ರಹಸ್ಯ ಯೋಜನೆಗೆ ಒಪ್ಪಿಗೆ ಕೊಟ್ಟರು. ಅದರ ಹೆಸರು ಎಂಕೆಅಲ್ಟ್ರಾ. ಮನುಷ್ಯನ ಮನಸ್ಸನ್ನು ಔಷಧಿಯಿಂದ, ವಿದ್ಯುತ್ ಆಘಾತದಿಂದ, ಸಂಮೋಹನದಿಂದ ಹಿಡಿತಕ್ಕೆ ತರೋಕೆ ಆಗುತ್ತಾ ಅಂತ ನೋಡೋದು ಉದ್ದೇಶ. ಶೀತಲ ಸಮರದ ಕಾಲ ಅದು. ಕೊರಿಯಾ ಯುದ್ಧದಲ್ಲಿ ಸೆರೆ ಸಿಕ್ಕ ಸೈನಿಕರಿಗೆ ಕಮ್ಯುನಿಸ್ಟರು 'ಬ್ರೈನ್‌ವಾಶ್' ಮಾಡ್ತಿದ್ದಾರೆ ಅನ್ನೋ ಭಯ ಅಮೆರಿಕದಲ್ಲಿ ಜೋರಾಗಿತ್ತು. ಯೋಜನೆ ನಡೆಸಿದವರು ರಸಾಯನಶಾಸ್ತ್ರಜ್ಞ ಸಿಡ್ನಿ ಗಾಟ್ಲೀಬ್. ಎಲ್‌ಎಸ್‌ಡಿ ಅನ್ನೋ ಭ್ರಮೆ ಹುಟ್ಟಿಸುವ ಔಷಧಿಯನ್ನು ಜನರಿಗೆ ಕೊಟ್ಟು ಪರೀಕ್ಷೆ ಮಾಡಿದರು. ಅವರಲ್ಲಿ ಎಷ್ಟೋ ಜನಕ್ಕೆ ತಮ್ಮ ಮೇಲೆ ಪರೀಕ್ಷೆ ನಡೀತಿದೆ ಅನ್ನೋದೇ ಗೊತ್ತಿರಲಿಲ್ಲ.

ಇದೆಲ್ಲ ಇಪ್ಪತ್ತು ವರ್ಷ ಹೊರಗೆ ಬರಲಿಲ್ಲ. 1973ರ ಜನವರಿಯಲ್ಲಿ, ಆಗಿನ ನಿರ್ದೇಶಕ ರಿಚರ್ಡ್ ಹೆಲ್ಮ್ಸ್ ಹುದ್ದೆ ಬಿಟ್ಟು ಹೋಗುವ ಮೊದಲು, ಎಂಕೆಅಲ್ಟ್ರಾ ದಾಖಲೆಗಳನ್ನು ನಾಶ ಮಾಡಿ ಅಂತ ಆದೇಶ ಕೊಟ್ಟರು. ಗಾಟ್ಲೀಬ್ ಕೂಡ ನಿವೃತ್ತಿಯ ಅಂಚಿನಲ್ಲಿದ್ದರು. ಆದೇಶ ಜಾರಿಯಾಯಿತು. ಕಥೆ ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ, ಯಾಕೆ ಅಂದ್ರೆ ಅದೇ ಹೊತ್ತಿಗೆ ಒಂದು ಕಾನೂನು ಗಟ್ಟಿಯಾಗ್ತಾ ಇತ್ತು. ಅಮೆರಿಕದ ಮಾಹಿತಿ ಸ್ವಾತಂತ್ರ್ಯ ಕಾಯ್ದೆಗೆ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ್ದು 1966ರಲ್ಲಿ. ಮೊದಲ ಕೆಲವು ವರ್ಷ ಅದು ಹಲ್ಲಿಲ್ಲದ ಹಾವು. 'ರಹಸ್ಯ' ಅಂತ ಮುದ್ರೆ ಒತ್ತಿದರೆ ಮುಗೀತು, ಆ ಮುದ್ರೆ ಸರಿಯಾ ಅಂತ ನೋಡೋಕೆ ನ್ಯಾಯಾಧೀಶರಿಗೂ ಅಧಿಕಾರ ಇರಲಿಲ್ಲ. ವಾಟರ್‌ಗೇಟ್ ಹಗರಣದ ನಂತರ, 1974ರಲ್ಲಿ, ಸಂಸತ್ತು ಇದನ್ನು ತಿದ್ದಿತು. ಉತ್ತರ ಕೊಡೋಕೆ ಗಡುವು ಬಂತು. ರಹಸ್ಯ ಅಂತ ಹೇಳಿದ ಕಾಗದವನ್ನು ನ್ಯಾಯಾಧೀಶರು ತಮ್ಮ ಕೊಠಡಿಗೆ ತರಿಸಿ ನೋಡಬಹುದು ಅಂತಾಯಿತು. ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಈ ತಿದ್ದುಪಡಿಯನ್ನು ತಿರಸ್ಕರಿಸಿದರು. ನವೆಂಬರ್‌ನಲ್ಲಿ ಸಂಸತ್ತು ಮೂರನೇ ಎರಡರಷ್ಟು ಬಹುಮತದಿಂದ ಅವರ ಮಾತನ್ನು ಮೀರಿ ಕಾನೂನು ಮಾಡಿತು.

ಮುಂದಿನ ವರ್ಷ, 1975ರ ಜೂನ್‌ನಲ್ಲಿ, ಸಿಐಎ ಅಕ್ರಮಗಳ ಬಗ್ಗೆ ರಾಕ್‌ಫೆಲ್ಲರ್ ಆಯೋಗದ ವರದಿ ಬಂತು. ಅದರಲ್ಲಿ ಈ ಔಷಧಿ ಪರೀಕ್ಷೆಗಳ ಬಗ್ಗೆ ಇದ್ದಿದ್ದು ಕೆಲವೇ ಪ್ಯಾರಾ. ಇದಕ್ಕೆ ಸಂಬಂಧಿಸಿದ 152 ಕಡತಗಳನ್ನು 1973ರಲ್ಲಿ ನಾಶ ಮಾಡಲಾಗಿದೆ ಅಂತಲೂ ಬರೆದಿತ್ತು. ಅಂದ್ರೆ, ಲಭ್ಯವಿಲ್ಲ.

ಆ ಪ್ಯಾರಾಗಳನ್ನು ಓದಿದವರಲ್ಲಿ ಜಾನ್ ಮಾರ್ಕ್ಸ್ ಒಬ್ಬರು. ವಿದೇಶಾಂಗ ಇಲಾಖೆಯಲ್ಲಿ ಕೆಲಸ ಮಾಡಿ ಬಿಟ್ಟವರು, ಸಿಐಎ ಬಗ್ಗೆ ಆಗಲೇ ಒಂದು ಪುಸ್ತಕಕ್ಕೆ ಸಹಲೇಖಕರಾಗಿದ್ದವರು. ಕಡತ ನಾಶವಾಗಿದೆ ಅಂತ ಸರ್ಕಾರವೇ ಬರೆದುಕೊಟ್ಟ ಮೇಲೂ ಅವರು ಅರ್ಜಿ ಹಾಕಿದರು. ಹೊಸ ಕಾನೂನಿನ ಪ್ರಕಾರ ಸಿಐಎ ಹುಡುಕಲೇಬೇಕಾಯಿತು. ವರ್ಷ ಒಂದಾಯಿತು, ಎರಡಾಯಿತು.

1977ರಲ್ಲಿ, ಈ ಅರ್ಜಿಗೆ ಉತ್ತರ ಕೊಡುವ ಕೆಲಸ ಬಿದ್ದಿದ್ದ ಒಬ್ಬ ಸಿಐಎ ಉದ್ಯೋಗಿ, ಅವರ ಹೆಸರು ನಮಗೆ ಬೇಡ, ವಾಷಿಂಗ್ಟನ್ ಹೊರವಲಯದಲ್ಲಿ ಹಳೇ ದಾಖಲೆ ಇಡುವ ಗೋದಾಮಿನ ಪಟ್ಟಿಗಳನ್ನು ಒಂದೊಂದಾಗಿ ನೋಡ್ತಾ ಹೋದರು. ಯೋಜನೆಯ ಹೆಸರಿನಲ್ಲಿ ಏನೂ ಸಿಗಲಿಲ್ಲ. ಆದರೆ ಆ ವಿಭಾಗದ ಬಜೆಟ್ ಮತ್ತು ಹಣಕಾಸು ಶಾಖೆ 1970ರಲ್ಲೇ ತನ್ನ ಹಳೇ ಕಾಗದಗಳನ್ನು ಕಟ್ಟಿ ಅಲ್ಲಿಗೆ ಕಳಿಸಿತ್ತು. ಆ ಕಟ್ಟುಗಳಲ್ಲಿ ಎಂಕೆಅಲ್ಟ್ರಾ ಇತ್ತು. ಏಳು ಪೆಟ್ಟಿಗೆ.

ನಾನು ಓದಿದ್ದು ಬಿ.ಕಾಂ. ಹಾಗಾಗಿ ಈ ಭಾಗ ಓದಿದಾಗ ನನಗೆ ನಗು ಬಂತು, ಆಶ್ಚರ್ಯ ಆಗಲಿಲ್ಲ. ಲೆಕ್ಕದವರು ಯಾವತ್ತೂ ಹಾಗೇ. ಮೇಲಧಿಕಾರಿ ಏನು ಪ್ರಯೋಗ ಮಾಡಿದ ಅನ್ನೋದು ಅವರಿಗೆ ಬೇಡ, ಬಿಲ್ಲು ಎಲ್ಲಿ ಅನ್ನೋದು ಬೇಕು. ಎರಡು ಕಡೆ ಬರೆಯೋದೇ ಲೆಕ್ಕದ ನಿಯಮ: ದುಡ್ಡು ಹೊರಟ ಕಡೆ ಒಂದು ಗುರುತು, ತಲುಪಿದ ಕಡೆ ಇನ್ನೊಂದು. ಹೆಲ್ಮ್ಸ್ ಆದೇಶ ಕೊಟ್ಟಾಗ ಪ್ರಯೋಗದ ಕಡತ ಸುಟ್ಟವರಿಗೆ ವೋಚರ್ ನೆನಪಾಗಲಿಲ್ಲ. 1975ರಲ್ಲಿ ಸೆನೆಟ್ ಸಮಿತಿಗಾಗಿ ಹುಡುಕಿದವರಿಗೂ ನೆನಪಾಗಲಿಲ್ಲ. ಲೆಕ್ಕದ ಕಾಗದದಲ್ಲಿ ಇಂಥದ್ದು ಇರುತ್ತೆ ಅಂತ ಅವರು ಅಂದುಕೊಂಡಿರಲೇ ಇಲ್ಲ.

ಮಾರ್ಕ್ಸ್ ಕೈಗೆ ಬಂದಿದ್ದು ಸುಮಾರು 16 ಸಾವಿರ ಪುಟ. ಬಹಳಷ್ಟು ಕಡೆ ಹೆಸರುಗಳಿಗೆ ಕಪ್ಪು ಮಸಿ ಬಳಿದಿತ್ತು. ಆದರೂ ಬಿಲ್ಲುಗಳು ಮಾತಾಡಿದವು. ಯೋಜನೆಯಲ್ಲಿ 149 ಉಪಯೋಜನೆಗಳಿದ್ದವು. ಕನಿಷ್ಠ 80 ಸಂಸ್ಥೆ, 185 ಖಾಸಗಿ ಸಂಶೋಧಕರು ಕೆಲಸ ಮಾಡಿದ್ದರು. ಸಂಸ್ಥೆಗಳಲ್ಲಿ 44 ಕಾಲೇಜು-ವಿಶ್ವವಿದ್ಯಾಲಯ, 12 ಆಸ್ಪತ್ರೆ, 3 ಜೈಲು. 1977ರ ಆಗಸ್ಟ್ 3ರಂದು ಹೊಸ ನಿರ್ದೇಶಕ ಸ್ಟಾನ್ಸ್‌ಫೀಲ್ಡ್ ಟರ್ನರ್ ಸೆನೆಟ್ ಮುಂದೆ ಕೂತು ಇದನ್ನೆಲ್ಲ ಒಪ್ಪಿಕೊಳ್ಳಬೇಕಾಯಿತು.

ಎರಡು ಲೆಕ್ಕ ನೋಡಿ. ಜಾನ್ ಮುಲ್‌ಹಾಲೆಂಡ್ ಅಂತ ಒಬ್ಬ ಜಾದೂಗಾರ. ಎದುರಿಗಿದ್ದವರಿಗೆ ಗೊತ್ತಾಗದ ಹಾಗೆ ಲೋಟಕ್ಕೆ ಏನಾದರೂ ಹಾಕೋದು ಹೇಗೆ ಅನ್ನೋ ಕೈಚಳಕದ ಕೈಪಿಡಿ ಬರೆಯೋಕೆ ಆತನಿಗೆ ಕೊಟ್ಟ ಸಂಭಾವನೆ 3,000 ಡಾಲರ್. ಇನ್ನೊಂದು, ಒಂದು ಖಾಸಗಿ ವೈದ್ಯಕೀಯ ಸಂಸ್ಥೆಯ ಹೊಸ ಕಟ್ಟಡಕ್ಕೆ ಸಿಐಎ ಮಧ್ಯವರ್ತಿ ಮೂಲಕ 3,75,000 ಡಾಲರ್ ದಾನ ಕೊಟ್ಟಿತು. ಅದು ಖಾಸಗಿ ದಾನ ಅಂತ ತೋರಿಸಿದ್ದರಿಂದ, ನಿಯಮದ ಪ್ರಕಾರ ಕೇಂದ್ರ ಸರ್ಕಾರ ಅದಕ್ಕೆ ಸರಿಸಮ ಅನುದಾನ ಸೇರಿಸಿತು. ಅಂದ್ರೆ ಸರ್ಕಾರದ ಒಂದು ಜೇಬು, ಸರ್ಕಾರದ ಇನ್ನೊಂದು ಜೇಬಿಗೆ ಸುಳ್ಳು ಹೇಳಿ ದುಡ್ಡು ತೆಗೆಸಿತು.

ಇಲ್ಲಿವರೆಗೆ ಕೇಳೋಕೆ ಪತ್ತೇದಾರಿ ಕಥೆ ಥರ ಇದೆ, ಅಲ್ವಾ? ಈಗ ಮಾಂಟ್ರಿಯಲ್‌ಗೆ ಬನ್ನಿ.

ಕೆನಡಾದ ಸಂಸದ ಡೇವಿಡ್ ಆರ್ಲಿಕೋ ಅವರ ಪತ್ನಿ ವೆಲ್ಮಾ, ಹೆರಿಗೆ ನಂತರದ ಖಿನ್ನತೆಗೆ ಚಿಕಿತ್ಸೆ ಪಡೆಯೋಕೆ 1950ರ ದಶಕದಲ್ಲಿ ಮಾಂಟ್ರಿಯಲ್‌ನ ಅಲನ್ ಮೆಮೋರಿಯಲ್ ಮನೋರೋಗ ಸಂಸ್ಥೆಗೆ ಸೇರಿದ್ದರು. ಅಲ್ಲಿದ್ದ ಹೆಸರಾಂತ ವೈದ್ಯ ಈವನ್ ಕ್ಯಾಮರಾನ್. ಅವರು ರೋಗಿಗಳಿಗೆ ಎಲ್‌ಎಸ್‌ಡಿ ಕೊಡ್ತಿದ್ದರು, ವಾರಗಟ್ಟಲೆ ಮಲಗಿಸ್ತಿದ್ದರು, ತೀವ್ರ ವಿದ್ಯುತ್ ಆಘಾತ ಕೊಡ್ತಿದ್ದರು, ಒಂದೇ ವಾಕ್ಯವನ್ನು ಟೇಪ್‌ನಲ್ಲಿ ಸಾವಿರಾರು ಸಲ ಕೇಳಿಸ್ತಿದ್ದರು. ಕೆಲವರು ತಮ್ಮ ಮಕ್ಕಳನ್ನೇ ಗುರುತಿಸದ ಸ್ಥಿತಿಗೆ ಬಂದರು. ರೋಗಿಗಳು ಇದನ್ನು ಚಿಕಿತ್ಸೆ ಅಂತ ನಂಬಿದ್ದರು. ತಾವು ಗುಣವಾಗದಿದ್ದದ್ದು ತಮ್ಮದೇ ತಪ್ಪು ಅಂತ ಅಂದುಕೊಂಡವರೂ ಇದ್ದರು. 1977ರಲ್ಲಿ ಆ ಏಳು ಪೆಟ್ಟಿಗೆಯ ಸುದ್ದಿ ಪತ್ರಿಕೆಯಲ್ಲಿ ಬಂದಾಗ, ಕ್ಯಾಮರಾನ್‌ಗೆ ಒಂದು ಮುಖವಾಡದ ಸಂಘದ ಮೂಲಕ ಸಿಐಎ ಹಣ ಹೋಗಿತ್ತು ಅನ್ನೋದು ಗೊತ್ತಾಯಿತು. ಇಪ್ಪತ್ತು ವರ್ಷದ ನಂತರ ವೆಲ್ಮಾಗೆ ತನಗೇನಾಗಿತ್ತು ಅನ್ನೋದರ ಒಂದು ತುದಿ ಸಿಕ್ಕಿತು. ಅದು ವೈದ್ಯರಿಂದ ಸಿಗಲಿಲ್ಲ, ಹಣ ಸಂದಾಯದ ಕಾಗದದಿಂದ ಸಿಕ್ಕಿತು.

ವೆಲ್ಮಾ ಮತ್ತು ಇತರ ರೋಗಿಗಳು 1980ರಲ್ಲಿ ಸಿಐಎ ಮೇಲೆ ದಾವೆ ಹೂಡಿದರು. 1988ರಲ್ಲಿ ಸಿಐಎ 7,50,000 ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ವೆಲ್ಮಾ 1990ರಲ್ಲಿ ತೀರಿಕೊಂಡರು.

ಹಾಗಾದ್ರೆ ಮಾಹಿತಿ ಕಾನೂನು ಗೆದ್ದಿತಾ? ಪೂರ್ತಿ ಇಲ್ಲ. 1977ರ ಆಗಸ್ಟ್‌ನಲ್ಲೇ ಜಾನ್ ಸಿಮ್ಸ್ ಅನ್ನೋ ವಕೀಲರು, ಸಿಡ್ನಿ ವುಲ್ಫ್ ಅನ್ನೋ ವೈದ್ಯರು ಇನ್ನೊಂದು ಅರ್ಜಿ ಹಾಕಿದರು. ಕೇಳಿದ್ದು ತುಂಬ ಸರಳ: ಆ ಸಂಸ್ಥೆಗಳ ಮತ್ತು ಸಂಶೋಧಕರ ಹೆಸರು ಕೊಡಿ. ಹೆಸರು ಗೊತ್ತಾದರೆ ತಾನೇ ಯಾರ ಮೇಲೆ ಪರೀಕ್ಷೆ ಆಯಿತು ಅಂತ ಹುಡುಕಬಹುದು? ಒಪ್ಪಿಗೆ ಕೊಟ್ಟ ಸಂಸ್ಥೆಗಳ ಹೆಸರನ್ನು ಸಿಐಎ ಕೊಟ್ಟಿತು. ಉಳಿದ 21 ಸಂಸ್ಥೆ ಮತ್ತು ಸಂಶೋಧಕರ ಹೆಸರು ಕೊಡಲ್ಲ ಅಂತು. ಮೊಕದ್ದಮೆ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 1985ರ ಏಪ್ರಿಲ್‌ನಲ್ಲಿ ಕೋರ್ಟ್ ಸಿಐಎ ಪರ ತೀರ್ಪು ಕೊಟ್ಟಿತು. ಮಾಹಿತಿ ಕೊಟ್ಟ ಯಾರೇ ಆದರೂ 'ಗುಪ್ತಚರ ಮೂಲ' ಆಗಬಹುದು, ಅವರನ್ನು ರಕ್ಷಿಸುವ ವಿವೇಚನೆ ನಿರ್ದೇಶಕರದ್ದು ಅನ್ನೋದು ಅದರ ಸಾರ. ಮತ್ತೆ 1984ರಲ್ಲಿ ಬಂದ ಇನ್ನೊಂದು ಕಾನೂನು, ಸಿಐಎಯ ಕಾರ್ಯಾಚರಣೆ ಕಡತಗಳಿಗೆ ವಿನಾಯಿತಿ ಕೊಟ್ಟಿತು. ಗಮನಿಸಿ, ಬರೀ ಕೊಡೋದರಿಂದ ಅಲ್ಲ, ಹುಡುಕೋದರಿಂದಲೇ ವಿನಾಯಿತಿ. ಕೆಲವು ಅಪವಾದಗಳಿವೆ, ನಿಜ. ಆದರೆ ಒಬ್ಬ ಉದ್ಯೋಗಿ ಗೋದಾಮಿನ ಪಟ್ಟಿ ತಿರುವಿ ಹಾಕಿದ್ದರಿಂದ ಹೊರಬಂದ ಕಥೆ ಇದು. ಆ ತಿರುವಿ ಹಾಕುವ ಕೆಲಸಕ್ಕೇ ಬಾಗಿಲು ಅರ್ಧ ಮುಚ್ಚಿತು.

ನಮ್ಮ ಕಡೆ ಹೇಗಿದೆ ಅಂತ ಕೇಳ್ತೀರಿ, ಗೊತ್ತು. ಕರ್ನಾಟಕ 2000ದಲ್ಲೇ ತನ್ನದೇ ಮಾಹಿತಿ ಹಕ್ಕು ಕಾನೂನು ಮಾಡಿತ್ತು. ಕೇಂದ್ರದ ಕಾಯ್ದೆ ಪೂರ್ತಿ ಜಾರಿಗೆ ಬಂದಿದ್ದು 2005ರ ಅಕ್ಟೋಬರ್ 12ರಂದು. ಅದರ 24ನೇ ಕಲಂ ಪ್ರಕಾರ ಗುಪ್ತಚರ ದಳ ಮತ್ತು 'ರಾ' ಕಾಯ್ದೆಯಿಂದ ಹೊರಗೆ. ಅಮೆರಿಕದಲ್ಲಿ ಸಿಐಎ ಕಾನೂನಿನ ಒಳಗಿದ್ದು ಒಂದೊಂದು ಕಾಗದಕ್ಕೂ ಕಾರಣ ಹುಡುಕಬೇಕು, ನಮ್ಮಲ್ಲಿ ಇಡೀ ಸಂಸ್ಥೆಯೇ ಹೊರಗೆ. ಆದರೆ ಒಂದು ಕಿಟಕಿ ಬಿಟ್ಟಿದ್ದಾರೆ: ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ಆರೋಪಕ್ಕೆ ಸಂಬಂಧಿಸಿದ ಮಾಹಿತಿ ಕೇಳಬಹುದು. ಮಾನವ ಹಕ್ಕಿನ ವಿಷಯವಾದರೆ ಕೇಂದ್ರ ಮಾಹಿತಿ ಆಯೋಗದ ಒಪ್ಪಿಗೆ ಬೇಕು, 45 ದಿನದೊಳಗೆ ಕೊಡಬೇಕು. ವೆಲ್ಮಾ ಥರದವರು ನಮ್ಮಲ್ಲಿದ್ದರೆ ಅವರಿಗಿರೋದು ಆ ಕಿಟಕಿ ಒಂದೇ.

ಈ ಕಥೆ ಓದಿದ ಮೇಲೆ "ಲಭ್ಯವಿಲ್ಲ" ಅನ್ನೋ ಪದವನ್ನು ನಾನು ಬೇರೆ ಥರ ಓದ್ತೀನಿ. ಸಿಐಎ 1975ರಲ್ಲಿ ಹೇಳಿದ್ದು ಬಹುಶಃ ಸುಳ್ಳಲ್ಲ. ಹೇಳಿದವರು ನಿಜವಾಗಲೂ ಇಲ್ಲ ಅಂತಲೇ ನಂಬಿದ್ದರು. ಅವರು ಹುಡುಕಿದ ಕಪಾಟಿನಲ್ಲಿ ಇರಲಿಲ್ಲ, ಅಷ್ಟೇ. ಇನ್ನೊಂದು ಅರ್ಜಿ ಬಂದಿದ್ದರಿಂದ ಇನ್ನೊಬ್ಬರು ಇನ್ನೊಂದು ಕಪಾಟು ತೆಗೆದರು.

ಮೊನ್ನೆ ನಾನೂ ಅಜ್ಜನ ಜಮೀನಿಗೆ ಎರಡನೇ ಅರ್ಜಿ ಹಾಕಿದೆ. ಹತ್ತು ರೂಪಾಯಿ ಶುಲ್ಕ. ಈ ಸಲ ಕಡತ ಕೇಳಿಲ್ಲ, ಆ ವರ್ಷದ ಶುಲ್ಕ ವಸೂಲಿ ರಿಜಿಸ್ಟರ್ ನೋಡೋಕೆ ಕೇಳಿದ್ದೀನಿ. ಅಜ್ಜ ದುಡ್ಡು ಕಟ್ಟಿದ್ದರೆ ಯಾರೋ ಒಬ್ಬ ಗುಮಾಸ್ತ ಅದನ್ನು ಎಲ್ಲೋ ಬರೆದಿರಲೇಬೇಕು. ಉತ್ತರ ಬಂದರೆ ಹೇಳ್ತೀನಿ.